ದೇಶ ಬದಲಾದ ಮೇಲೂ ಹಾಡಿದ ಪ್ರಾರ್ಥನೆ

ಔರಾದ್ ಶಾಲೆಯ ಅಂಗಳದಲ್ಲಿ, ಬಾವಿಯ ಕಟ್ಟೆಗೂ ಬಾವುಟದ ಕಂಬಕ್ಕೂ ನಡುವೆ ನಾನು ನಿಂತಿದ್ದೆ. ಮುಖ ಮಕ್ಕಳ ಕಡೆಗೆ, ಬೆನ್ನು ಹೊಸ ಸರ್ಕಾರದ ಅಧಿಕಾರಿಯ ಕಡೆಗೆ. ಹೈದರಾಬಾದಿನ ದೊರೆಯ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಶಾಲೆ ಮತ್ತೆ ತೆರೆದ ಮೊದಲ ಬೆಳಿಗ್ಗೆ ಅದು. ೧೯೪೮ರ ದಸರೆ ಇನ್ನೂ ಬಂದಿರಲಿಲ್ಲ. ಅಧಿಕಾರಿಗೆ ಬೆನ್ನು ಮಾಡಿ ನಿಂತದ್ದರಿಂದ ಹಾಡು ನಡೆಯುವಾಗ ಅವರ ಮುಖ ಹೇಗಿತ್ತೆಂದು ನಾನು ಹೇಳಲಾರೆ. ಹಾಡು ಮುಗಿದ ಮೇಲೆ ಕಂಡದ್ದನ್ನಷ್ಟೇ ಹೇಳಬಲ್ಲೆ.

ನಾನು ಆ ಶಾಲೆಯಲ್ಲಿ ಉರ್ದು ಮಾಸ್ತರನಾಗಿದ್ದೆ. ಹುಟ್ಟಿದ್ದು ಭಾಲ್ಕಿ. ತಂದೆ ಇರಲಿಲ್ಲ, ತಾಯಿ ನನ್ನೊಂದಿಗೇ ಔರಾದದಲ್ಲಿದ್ದಳು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತಾಡುತ್ತಿದ್ದೆವು. ಓದುಬರಹವೆಲ್ಲ ಉರ್ದು. ದಿನವಿಡೀ ಕನ್ನಡದಲ್ಲಿ ಜಗಳಾಡಿ, ನಕ್ಕು, ಚೌಕಾಸಿ ಮಾಡಿ ಬರುತ್ತಿದ್ದ ನನಗೆ ಕನ್ನಡದ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಇದು ಆಗ ವಿಚಿತ್ರವೇನಲ್ಲ. ವಿಭೂತಿ ಹಚ್ಚಿಕೊಳ್ಳುವ ಎಷ್ಟೋ ಹಿರಿಯರೂ ಮನೆಯ ಲೆಕ್ಕವನ್ನು ಉರ್ದುವಿನಲ್ಲೇ ಬರೆಯುತ್ತಿದ್ದರು.

ಪರದೇಶಕ್ಕೆ ಹೋಗಿ ನೆಲೆಸಿದವರು ತಮ್ಮ ಕಷ್ಟ ಹೇಳುವುದನ್ನು ನಂತರದ ವರ್ಷಗಳಲ್ಲಿ ಕೇಳಿದ್ದೇನೆ. ಅವರಿಗೆ ಹಡಗೋ ರೈಲೋ ಹತ್ತಿದ ನೆನಪಿದೆ. ನನಗೆ ಅಂಥದ್ದೇನೂ ಇಲ್ಲ. ನಾನು ಅದೇ ಮನೆಯಲ್ಲಿ ಮಲಗಿ ಅದೇ ಮನೆಯಲ್ಲಿ ಎದ್ದೆ. ತಹಸೀಲು ಕಚೇರಿಯ ಮೇಲಿನ ಬಾವುಟ ಬೇರೆಯಾಗಿತ್ತು. ಬಾಗಿಲಲ್ಲಿ ನಿಂತ ಸಿಪಾಯಿಯ ಮಾತು ತಿಳಿಯುತ್ತಿರಲಿಲ್ಲ. ಯಾರಿಗೆ ಮೊದಲು ನಮಸ್ಕಾರ ಮಾಡಬೇಕು, ಯಾವ ಓಣಿಯಲ್ಲಿ ತಲೆ ತಗ್ಗಿಸಿ ನಡೆಯಬೇಕು ಎಂಬುದನ್ನು ಮತ್ತೆ ಕಲಿಯಬೇಕಾಯಿತು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಊರು ಉರಿಯುವುದನ್ನು ದೂರದಿಂದ ನೋಡಿದ್ದೆ. ದೊರೆಯ ಪರವಾಗಿ ಖಾಕಿ ತೊಟ್ಟು ಬಂದ ಗುಂಪು ಹಚ್ಚಿದ ಬೆಂಕಿ ಅದು. ಮಳೆಗಾಲ ಮುಗಿಯುತ್ತಿದ್ದಂತೆ ಇನ್ನೊಂದು ಊರಿನ ಹೊಗೆ ಕಂಡೆ. ಈ ಸಲ ಉರಿದದ್ದು ನಮ್ಮವರ, ಮುಸಲ್ಮಾನರ ಮನೆಗಳು. ನನ್ನ ಚಿಕ್ಕಪ್ಪ ಆ ಊರಿನಲ್ಲಿದ್ದರು. ಅವರು ಮತ್ತೆ ಸಿಗಲಿಲ್ಲ. ಎರಡೂ ಹೊಗೆ ನೋಡಲು ಒಂದೇ ಥರ ಇದ್ದವು. ಇದಕ್ಕಿಂತ ಹೆಚ್ಚು ಹೇಳಿದರೆ ನಾನು ನೋಡದೆ ಇದ್ದದ್ದನ್ನು ಹೇಳಿದಂತಾಗುತ್ತದೆ.

ತಾಯಿ ಟ್ರಂಕು ತುಂಬಿಸಿಟ್ಟಿದ್ದಳು. ಹೈದರಾಬಾದಿನಲ್ಲಿದ್ದ ಅವಳ ಅಣ್ಣ ಕರಾಚಿಗೆ ಹೊರಟಿದ್ದರು. ನಾವೂ ಅವರ ಜೊತೆ ಸೇರಬೇಕೆಂದು ಅವಳ ಹಟ. ಬಾಗಿಲು ಬಡಿದರೆ ಸಾಕು, ಒಲೆಯ ಮುಂದೆ ಕೂತವಳು ಎದ್ದು ಒಳಗಿನ ಕೋಣೆಗೆ ಹೋಗುತ್ತಿದ್ದಳು. ನಾನು ಅವಳಿಗೆ ಒಂದೇ ಮಾತು ಹೇಳಿದೆ: ಶಾಲೆ ತೆರೆಯಲಿ. ನನ್ನನ್ನು ಕೆಲಸದಲ್ಲಿ ಉಳಿಸಿಕೊಂಡರೆ ನಾವು ಇಲ್ಲೇ. ಬೇಡವೆಂದರೆ ಮಾರನೆಯ ದಿನವೇ ಹೊರಡೋಣ. ಅವಳು ಒಪ್ಪಿದಳು. ಆದರೆ ಟ್ರಂಕು ಬಿಚ್ಚಲಿಲ್ಲ.

ಶಾಲೆ ತೆರೆದ ದಿನ ಅಧಿಕಾರಿ ಜೀಪಿನಲ್ಲಿ ಬಂದರು. ಜೊತೆಗೆ ಇಬ್ಬರು ಸಿಪಾಯಿಗಳು. ಅಧಿಕಾರಿ ಮದ್ರಾಸ್ ಪ್ರಾಂತ್ಯದವರು, ಮಂಗಳೂರಿನ ಕಡೆಯವರು ಎಂದು ಹೆಡ್ ಮಾಸ್ತರು ಮೊದಲೇ ತಿಳಿದುಕೊಂಡಿದ್ದರು. ಕನ್ನಡ ಬರುತ್ತದೆ, ಉರ್ದು ಬರುವುದಿಲ್ಲ. ಊರ ಪರವಾಗಿ ಒಬ್ಬ ಹಿರಿಯರು ಬಂದಿದ್ದರು. ಅವರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಖಾಕಿಯವರು ಅವರ ಬಣವೆ, ಮನೆ ಎರಡನ್ನೂ ಸುಟ್ಟಿದ್ದರು. ಗಡಿಯಾಚೆ, ದೊರೆಯ ವಿರುದ್ಧ ಹೋರಾಡುವವರ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಇದ್ದು ಆಗಷ್ಟೇ ಮರಳಿದ್ದರು. ತಲೆಯ ಮೇಲೆ ಬಿಳಿ ಗಾಂಧಿ ಟೋಪಿ. ನನ್ನ ಕೆಲಸದ ಬಗ್ಗೆ ಅಧಿಕಾರಿ ಊರವರನ್ನು ಯಾರನ್ನಾದರೂ ಕೇಳುವುದಿದ್ದರೆ ಕೇಳುವುದು ಅವರನ್ನೇ. ಇದು ನನಗೆ ಗೊತ್ತಿತ್ತು.

ಹೆಡ್ ಮಾಸ್ತರು ಮುದುಕರು, ಒಳ್ಳೆಯವರು. ಅಂಗಳ ಗುಡಿಸಿಸಿದ್ದರು, ಕಂಬಕ್ಕೆ ಸುಣ್ಣ ಬಳಿಸಿದ್ದರು, ಮಕ್ಕಳ ಮೂಗು ಒರೆಸಿಸಿದ್ದರು. ಬಾವುಟ ಮೇಲೇರಿತು. ಅದು ಬಿಚ್ಚಿಕೊಂಡ ಮೇಲೆ ಮುಂದೇನು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಅಧಿಕಾರಿ ಕಾಯುತ್ತಿದ್ದರು. ಹೆಡ್ ಮಾಸ್ತರು ನೌಕರಿಯುದ್ದಕ್ಕೂ ಬೆಳಿಗ್ಗೆ ಹೇಳುತ್ತ ಬಂದ ಮಾತನ್ನೇ ಹೇಳಿದರು.

"ಪ್ರಾರ್ಥನಾ ಸುರು ಮಾಡ್ರಿ."

ಮಕ್ಕಳು ಸುರು ಮಾಡಿದರು. ಅವರಿಗೆ ಗೊತ್ತಿದ್ದದ್ದು ಒಂದೇ ಪ್ರಾರ್ಥನೆ. ದೊರೆಯ ಆಯುಷ್ಯ ಬೆಳೆಯಲಿ, ಅವನ ರಾಜ್ಯ ಎಂದೆಂದಿಗೂ ಉಳಿಯಲಿ ಎಂದು ದೇವರನ್ನು ಬೇಡುವ ಉರ್ದು ಹಾಡು. ಆ ಹಾಡನ್ನು ದಿನವೂ ಹೇಳಿಸುತ್ತಿದ್ದವನು ನಾನು. ಮೊದಲ ಸಾಲಿಗೇ ಕೈ ಎತ್ತಿ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅದರಲ್ಲಿ ತಪ್ಪಿದೆ ಎಂದು ಅಧಿಕಾರಿಗೆ ತಿಳಿಯುತ್ತದೆ. ಬಿಟ್ಟರೆ, ಹಾಡಿನ ಅರ್ಥ ಬಲ್ಲ ಕಾಕಾ ಇದ್ದಾರೆ. ನಾನು ಕೈ ಎತ್ತಲಿಲ್ಲ. ಅದು ಧೈರ್ಯವೂ ಅಲ್ಲ, ಯುಕ್ತಿಯೂ ಅಲ್ಲ. ಕೈ ಏಳಲಿಲ್ಲ, ಅಷ್ಟೇ.

ಮಕ್ಕಳಿಗೆ ಏನೂ ಅನಿಸಲಿಲ್ಲ. ಬಹಳ ದಿನದ ಮೇಲೆ ಶಾಲೆ ತೆರೆದಿತ್ತು, ಮೋಟಾರು ಬಂದಿತ್ತು. ಎಂದಿಗಿಂತ ಜೋರಾಗಿ ಹಾಡಿದರು. ಮುಂದಿನ ಸಾಲಿನ ಒಬ್ಬ ಹುಡುಗಿಯಂತೂ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಹೇಳಿದಳು. ಕೊನೆಯ ಸಾಲು ಮುಗಿಯಿತು. ನಾನು ತಿರುಗಿದೆ.

ಅಧಿಕಾರಿ ನೆಟ್ಟಗೆ ನಿಂತಿದ್ದರು. ಸಿಪಾಯಿಗಳೂ ಹಾಗೆಯೇ ನಿಂತಿದ್ದರು. ಅವರು ಅದನ್ನು ದೇವರ ಹಾಡೆಂದೇ ತಿಳಿದು ಗೌರವ ಕೊಟ್ಟಿದ್ದರು.

"ತುಂಬ ಚೆನ್ನಾಗಿ ಹಾಡಿದಿರಿ ಮಕ್ಕಳೇ," ಎಂದರು ಅಧಿಕಾರಿ. ಮಕ್ಕಳು ಕಿಸಕ್ಕನೆ ನಕ್ಕರು. ಆ ಥರದ ಕನ್ನಡ ಅವರು ಕೇಳಿರಲಿಲ್ಲ. "ಇದು ಯಾವ ಪ್ರಾರ್ಥನೆ, ಮಾಸ್ತರರೇ?"

ಕೇಳಿದ್ದು ಹೆಡ್ ಮಾಸ್ತರರನ್ನು. ಸುಳ್ಳು ಹೇಳಿ ಅವರಿಗೆ ರೂಢಿ ಇರಲಿಲ್ಲ. ಆಗ ಕಾಕಾ ಹೇಳಿದರು:

"ದೇವರದ್ರಿ ಸಾಹೇಬ್ರ. ಎಲ್ಲಾರಿಗಿ ಆಯುಷ್ಯ ಕೊಡಪ್ಪ ಅಂತ ಬೇಡ್ಕೊಳ್ಳದು."

"ಬಹಳ ಸಂತೋಷ," ಎಂದರು ಅಧಿಕಾರಿ. ಆಮೇಲೆ ನನ್ನ ಕಡೆ ತಿರುಗಿ, ಇನ್ನು ಮುಂದೆ ಪಾಠ ಕನ್ನಡದಲ್ಲಿ ಆಗಬೇಕು, ನಿಮಗೆ ಕನ್ನಡ ಬರುತ್ತದೆಯೇ ಎಂದು ಕೇಳಿದರು.

"ಮಾತಾಡ್ಲಾಕ ಬರ್ತದ್ರಿ. ಬರಿಲಾಕ ಬರಲ್ಲ. ಕಲಿತೇನ್ರಿ," ಎಂದೆ.

ಕಲಿತು ಬೀದರದಲ್ಲಿ ಪರೀಕ್ಷೆ ಕೊಡಬೇಕು, ಬರುವ ಬೇಸಿಗೆಯ ತನಕ ನೋಡುತ್ತೇವೆ ಎಂದರು. ಜೀಪು ಹೋಯಿತು. ಅಲ್ಲಿಗೆ ನನ್ನ ಕೆಲಸ ಉಳಿಯಿತೆಂದೂ ಅಲ್ಲ, ಹೋಯಿತೆಂದೂ ಅಲ್ಲ.

ಮಕ್ಕಳನ್ನು ಒಳಗೆ ಕಳಿಸಿದ ಮೇಲೆ ಕಾಕಾ ಬಾವಿ ಕಟ್ಟೆಯ ಮೇಲೆ ಕೂತರು. ನಾನು ಎದುರು ನಿಂತೆ. ಅವರ ಮನೆಯ ಸುಟ್ಟ ತೊಲೆಗಳು ಓಣಿಯಲ್ಲಿ ಇನ್ನೂ ಹಾಗೇ ಬಿದ್ದಿದ್ದವು. ಶಾಲೆಗೆ ಬರುವಾಗ ದಾಟಿಯೇ ಬಂದಿದ್ದೆ.

"ಕಾಕಾ, ನೀವು ಹೇಳಬಹುದಿತ್ತು," ಎಂದೆ.

"ಏನಂತ ಹೇಳ್ಲಿ?" ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನನ್ನ ತುಟಿನೇ ಅಲ್ಲಾಡ್ಲತ್ತಿದ್ದು. ಸಣ್ಣಾಂವ ಇದ್ದಾಗ ಇದೇ ಸಾಲ್ಯಾಗ ಇದೇ ಹಾಡು ಹೇಳೀನಿ. ಟೋಪಿ ಹಾಕ್ಕೊಂಡು ನಿಂತೀನಿ, ಬಾಯಾಗ ಅದೇ ಬರ್ಲತ್ತದ. ಹುಡುಗರಿಗಿ ಏನಂಬದು?"

ಹೆಡ್ ಮಾಸ್ತರು ನೀರು ತಂದರು. "ನನ್ನ ಜೀವಾನೇ ಹೋಗಿತ್ತು ನೋಡ್ರಿ," ಎಂದರು.

"ನಿಮ್ದು ಹೋದ್ರ ಹೋಗ್ಲಿ, ಪಿಂಚಣಿಗಿ ಬಂದೀರಿ," ಎಂದರು ಕಾಕಾ. "ಈ ಮಾಸ್ತರಂದು ಹೋಗ್ತಿತ್ತು." ನೀರು ಕುಡಿದು ನನ್ನನ್ನು ನೋಡಿದರು. ನಗುತ್ತಿರಲಿಲ್ಲ. "ನೋಡು ತಮ್ಮಾ, ಒಂದ್ ಮಾತು ತಿಳಕೋ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಅಂತ ಅಲ್ಲ. ಸಿಟ್ಟದ. ಯಾರ ಮ್ಯಾಲ ಅಂತ ಇನ್ನಾ ಗೊತ್ತಾಗಿಲ್ಲ. ನಿನ್ನ ಮಾರಿ ನೋಡಿದ್ರನೂ ಬರ್ತದ. ಆದ್ರ ಸಾಲಿ ನಡೀಬೇಕು. ನಾಳಿಗಿ ಬ್ಯಾರೆ ಹಾಡು ಹೇಳ್ಸು."

ನನಗೆ ಆ ಮಾತು ಸಮಾಧಾನ ಕೊಟ್ಟಿತು ಎಂದರೆ ಸುಳ್ಳಾಗುತ್ತದೆ. ಆದರೆ ಕೆಲವು ವಾರಗಳಿಂದ ಜನ ನನ್ನೊಂದಿಗೆ ವಿಪರೀತ ಮೃದುವಾಗಿ ಮಾತಾಡುತ್ತಿದ್ದರು, ಇಲ್ಲವೇ ಮಾತಾಡುತ್ತಲೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೊದಲ ಮನುಷ್ಯ ಕಾಕಾ. ನನಗೂ ಅಂಥದ್ದೇ ಒಂದು ಸಿಟ್ಟಿತ್ತು, ಅದಕ್ಕೂ ವಿಳಾಸವಿರಲಿಲ್ಲ.

"ಯಾವ ಹಾಡು? ನನಗ ಬರಲ್ಲ. ನೀವು ಕಲಸ್ರಿ," ಎಂದೆ. "ಈಗೇ ಕಲಸ್ರಿ."

"ನನಗೆಲ್ಲಿ ಬರ್ತದ? ಕ್ಯಾಂಪಿನ್ಯಾಗ ಹಿಂದ ನಿಂತು ಬಾಯಿ ಆಡಸ್ತಿದ್ದೆ," ಎಂದರು. ಆದರೂ ಎದ್ದು ಬಂದರು. ಖಾಲಿ ವರ್ಗದಲ್ಲಿ ಬಾಗಿಲು ಮುಂದೆ ಮಾಡಿ ಮೂವರೂ ಕೂತೆವು. ಕ್ಯಾಂಪಿನಲ್ಲಿ ಹಾಡುತ್ತಿದ್ದ ಬಾವುಟದ ಹಾಡಿನ ಮಾತುಗಳನ್ನು ಅವರು ನೆನಪಿಸಿಕೊಂಡು ಹೇಳಿದರು, ನಾನು ಉರ್ದು ಅಕ್ಷರದಲ್ಲಿ ಬರೆದುಕೊಂಡೆ. ರಾಗ ಮಾತ್ರ ಅವರಿಗೆ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು. ಹೆಡ್ ಮಾಸ್ತರು ಭಜನೆಯಲ್ಲಿ ಹಾಡುವವರು. ಸ್ವಲ್ಪ ಹೊತ್ತು ಕೇಳಿ, "ಸಾಕ್ರಿ, ಇದು ಅಳು ಆಗ್ಲತ್ತದ," ಎಂದರು.

ಸಂಜೆ ಮನೆಗೆ ಹೋಗಿ ತಾಯಿಗೆ ಎಲ್ಲ ಹೇಳಿದೆ. ಬೇಸಿಗೆಯ ತನಕ ಎಂದದ್ದನ್ನೂ ಮುಚ್ಚಿಡಲಿಲ್ಲ. ಪರೀಕ್ಷೆಯಲ್ಲಿ ಕೆಟ್ಟರೆ, ಎಂದು ಕೇಳಿದಳು. ಕೆಡುವುದಿಲ್ಲ, ಎಂದೆ. ನಿನ್ನ ಮಾಮ ಕಾಯುವುದಿಲ್ಲ, ಎಂದಳು. ಕಾಯುವುದು ಬೇಡ, ಎಂದೆ. ಅಣ್ಣನನ್ನು ಇನ್ನು ಕಾಣಲಾರೆ ಎಂದು ಅವಳಿಗೆ ತಿಳಿದಿತ್ತು. ಅವಳು ಕಾಣಲೂ ಇಲ್ಲ.

ಮಾರನೆಯ ಬೆಳಿಗ್ಗೆ ಮಕ್ಕಳ ಮುಂದೆ ನಿಂತು ಹೊಸ ಹಾಡನ್ನು ಸಾಲು ಸಾಲಾಗಿ ಹೇಳಿಕೊಟ್ಟೆ. ಅವರು ಮಾತು ಹಿಡಿದರು. ಆದರೆ ಎಲ್ಲರೂ ಕೂಡಿ ಎತ್ತಿಕೊಂಡಾಗ ಬಂದದ್ದು ಹಳೆಯ ಪ್ರಾರ್ಥನೆಯ ರಾಗವೇ. ಮಾತು ಉಳಿದಲ್ಲಿ ಅವಸರ ಮಾಡಿದರು, ರಾಗ ಉಳಿದಲ್ಲಿ ಎಳೆದರು. ಹೇಗೋ ಕೂಡಿಸಿದರು. ಗೇಟಿನ ಹತ್ತಿರ ನಿಂತಿದ್ದ ಕಾಕಾ ಮುಖ ಆಚೆ ತಿರುಗಿಸಿದರು. ನಗುವಿಗೆ ಅವರ ಭುಜ ಕುಲುಕುತ್ತಿತ್ತು. ನಾನು ತಿದ್ದಲಿಲ್ಲ. ಸರಿಯಾದ ರಾಗ ಬಲ್ಲವರು ಔರಾದಕ್ಕೆ ಬರುವ ತನಕ ನಮ್ಮ ಶಾಲೆ ಹಾಗೆಯೇ ಹಾಡಿತು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಹೆಡ್ ಮಾಸ್ತರ ಪಕ್ಕದಲ್ಲಿ ಕನ್ನಡ ಅಕ್ಷರ ತಿದ್ದಲು ಪಾಟಿ ಹಿಡಿದು ಕೂತೆ. ಉರ್ದು ಬರೆದೇ ರೂಢಿಯಾದ ನನ್ನ ಕೈ ಬಲದಂಚಿಗೆ ಹೋಗಿ ನಿಲ್ಲುತ್ತಿತ್ತು. ಎಡಕ್ಕೆ ತಂದುಕೊಂಡು ಸುರು ಮಾಡಿದರೆ ಎರಡಕ್ಷರಕ್ಕೇ ಬೆರಳು ನೋಯುತ್ತಿತ್ತು.

"ಏ ಮಾಸ್ತರ, ಈ ಕಡಿಂದ," ಎನ್ನುತ್ತಿದ್ದರು ಅವರು. "ನಿಮ್ಮ ಕೈ ಇನ್ನಾ ಹೊಸಾ ಸರ್ಕಾರಕ್ಕ ಬಂದಿಲ್ಲ ನೋಡ್ರಿ."

ಒರೆಸಿ ಮತ್ತೆ ಬರೆಯುತ್ತಿದ್ದೆ. ಒಂದೊಂದು ದಿನ ಇದೆಲ್ಲ ಯಾರಿಗಾಗಿ ಎಂದು ಪಾಟಿ ಒಗೆದು ಏಳಬೇಕೆನಿಸುತ್ತಿತ್ತು. ಏಳಲಿಲ್ಲ. ಮಾತಾಡುವ ಭಾಷೆಯೇ ಆದ್ದರಿಂದ ಸುಲಭ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಬಾಯಲ್ಲಿ ನನ್ನದಾಗಿದ್ದ ಮಾತು ಪಾಟಿಯ ಮೇಲೆ ಬೇರೆಯವರ ಮನೆಯ ಮಾತಿನಂತೆ ಕಾಣುತ್ತಿತ್ತು. ಅದು ನನ್ನದಾಗುವ ತನಕ ಬರೆಯಬೇಕಿತ್ತು, ಬರೆದೆ. ಬೇಸಿಗೆಯಲ್ಲಿ ಬೀದರಕ್ಕೆ ಹೋಗಿ ಪರೀಕ್ಷೆ ಕೊಟ್ಟು ಪಾಸಾದೆ. ಮರಳಿ ಬಂದಾಗ ತಾಯಿ ಟ್ರಂಕಿನ ಬಟ್ಟೆಗಳನ್ನು ಅಂಗಳದ ಬಿಸಿಲಿಗೆ ಹರವಿದ್ದಳು.

ಕಾಕಾ ಈಗಿಲ್ಲ, ಹೆಡ್ ಮಾಸ್ತರೂ ಇಲ್ಲ. ಆ ಅಧಿಕಾರಿ ಎಲ್ಲಿಗೆ ವರ್ಗವಾದರೋ ತಿಳಿಯದು. ಆ ಬೆಳಿಗ್ಗೆ ಅಂಗಳದಲ್ಲಿದ್ದವರಲ್ಲಿ ಇನ್ನೂ ಇರುವವರು ನನಗೆ ತಿಳಿದಂತೆ ಇವರು: ಕಣ್ಣು ಮುಚ್ಚಿ ಹಾಡಿದ ಆ ಹುಡುಗಿ, ಈಗ ಭಾಲ್ಕಿಯಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾಳೆ; ಅವಳ ಹಿಂದಿನ ಸಾಲಿನಲ್ಲಿ ನಿಂತಿದ್ದ ಅವಳ ಅಣ್ಣ, ಬೀದರದ ಗಾಂಧಿ ಗಂಜಿನಲ್ಲಿ ಧಾನ್ಯದ ಅಡತಿ ಅಂಗಡಿ ಇಟ್ಟವನು, ಈಗ ಕಿವಿ ಕೇಳಿಸುವುದಿಲ್ಲ; ಅಂದು ಮಕ್ಕಳ ಜೊತೆ ಹಾಡಿದ, ಈಗ ಖಟಕ ಚಿಂಚೋಳಿಯಲ್ಲಿ ಹೊಲ ಮಾಡಿಕೊಂಡಿರುವ ಕಾಕಾರ ತಮ್ಮನ ಮಗ; ಮತ್ತು ನಾನು.