ಭುವನ ಟಾಕೀಸಿನ ಆರು ಕೊಕ್ಕೆ

ಕೊಪ್ಪದ ಭುವನ ಟಾಕೀಸಿನಲ್ಲಿ ಸಣ್ಣಕ್ಕ ಇಪ್ಪತ್ತೊಂಬತ್ತು ವರ್ಷ ದುಡಿದಳು. ಅಷ್ಟು ವರ್ಷಗಳಲ್ಲಿ ಒಂದು ಸಿನಿಮಾವನ್ನೂ ಮೊದಲಿನಿಂದ ಕೊನೆಯವರೆಗೆ ನೋಡಲಿಲ್ಲ. ಇದರಲ್ಲಿ ತ್ಯಾಗವೇನೂ ಇಲ್ಲ. ಸಂಬಳಕ್ಕೆ ಮಾಡಿದ ಕೆಲಸ, ಸರಿಯಾಗಿ ಮಾಡಿದಳು.

ವಾಸಪ್ಪಗೌಡರು ಟಾಕೀಸು ಕಟ್ಟಿಸಿದ್ದು ೧೯೭೦ರಲ್ಲಿ. ಜಂಬಿಟ್ಟಿಗೆಯ ಕಟ್ಟಡ, ಮಂಗಳೂರು ಹೆಂಚು, ಒಳಗೆ ನಟ್ಟನಡುವೆ ಎದೆಯೆತ್ತರದ ಗೋಡೆ. ಈಚೆ ಗಂಡಸರು, ಆಚೆ ಹೆಂಗಸರು. ಹೆಂಗಸರಿಗೆ ಬೇರೆ ಬಾಗಿಲಿತ್ತು, ಅಲ್ಲಿ ಟಿಕೆಟ್ ಹರಿಯಲು ಹೆಂಗಸೊಬ್ಬಳು ಬೇಕಾಗಿತ್ತು. ತಮ್ಮ ಗದ್ದೆಗೆ ಸಸಿ ನಟ್ಟಿಗೆ ಬರುತ್ತಿದ್ದ ಸಣ್ಣಕ್ಕನನ್ನು ಗೌಡರು ಕರೆದರು. ಹಿರೇಕೊಡಿಗೆಯಲ್ಲಿ ಹುಟ್ಟಿದವಳು, ಆಗ ಇಪ್ಪತ್ತಮೂರರ ಪ್ರಾಯ. ಓದು ಬರುತ್ತಿರಲಿಲ್ಲ. ಟಿಕೆಟಿನ ಬಣ್ಣ ತಿಳಿದರೆ ಸಾಕಿತ್ತು.

ಸಂತೆಯ ದಿನ ಮ್ಯಾಟಿನಿಗೆ ಎಸ್ಟೇಟಿನ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಕೂಸುಗಳು ಅತ್ತರೆ ಗೋಡೆಯ ಆಚೆಯಿಂದ ಬೈಗುಳ. ಹೆಂಗಸರ ಕಡೆ, ತೀರಾ ಹಿಂದೆ, ಅಡ್ಡತೊಲೆಗೆ ಆರು ಕಬ್ಬಿಣದ ಕೊಕ್ಕೆ ಹೊಡೆಸಿ ಎಂದು ಸಣ್ಣಕ್ಕನೇ ಗೌಡರಿಗೆ ಹೇಳಿದಳು. ಹಳೇ ಸೀರೆಯ ಜೋಲಿ ಕಟ್ಟಿ, ಆರನ್ನೂ ಸರದಿಯಲ್ಲಿ ತೂಗುತ್ತಿದ್ದಳು. ತೂಗಲು ತೆರೆಗೆ ಬೆನ್ನು ಹಾಕಿ ನಿಲ್ಲಬೇಕಿತ್ತು. ಸಿನಿಮಾ ಕಥೆಗಳೆಲ್ಲ ಅವಳಿಗೆ ಕಿವಿಯಿಂದ ಗೊತ್ತು.

ಒಮ್ಮೆ ಆಟದ ನಡುವೆ ಕರೆಂಟ್ ಹೋಯಿತು. ಸಂಜೆಯ ಬಸ್ಸು ತಪ್ಪೀತೆಂದು ಹೆಂಗಸರು ಕತ್ತಲಲ್ಲೇ ಜೋಲಿಗಳಿಗೆ ಕೈ ಹಾಕಿದರು. ಬೇಗಾರಿನ ಶೇಷಮ್ಮ ಇನ್ನೊಬ್ಬಳ ಗಂಡು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಶೃಂಗೇರಿ ಬಸ್ಸು ಹತ್ತಿಬಿಟ್ಟಳು. ಅವಳ ಹೆಣ್ಣು ಕೂಸು ಕೊಕ್ಕೆಯಲ್ಲೇ ಉಳಿಯಿತು. ಅದನ್ನೆತ್ತಿಕೊಂಡ ಸಣ್ಣಕ್ಕನನ್ನು ಹತ್ತಿಸಿಕೊಂಡು ಗೌಡರ ಜೀಪು ಬೆನ್ನಟ್ಟಿ ಹೋಗಿ ಬಸ್ಸು ನಿಲ್ಲಿಸಿತು.

“ಮುಖನಾದ್ರೂ ನೋಡ್ಬಾರ್ದೇನೇ?” ಎಂದು ಸಣ್ಣಕ್ಕ ಗದರಿದಳು.

“ನಿದ್ದೆ ಮಾಡೋ ಕೂಸೆಲ್ಲ ಒಂದೇ ತರ ಇರ್ತಾವೆ ಮಾರಾಯ್ತಿ,” ಎಂದಳು ಶೇಷಮ್ಮ.

ಮರುವಾರದಿಂದ ಸಣ್ಣಕ್ಕನ ನಿಯಮ ಜಾರಿಗೆ ಬಂತು. ತಾಯಿ ತನ್ನ ಚಪ್ಪಲಿಯನ್ನು ಕೂಸಿನ ಜೋಲಿಯ ಕೆಳಗೆ ಬಿಟ್ಟು ಬರಿಗಾಲಲ್ಲಿ ಹೋಗಿ ಕೂರಬೇಕು. ಹೊರಡುವಾಗ ಮೊದಲು ಚಪ್ಪಲಿ, ಆಮೇಲೆ ಕೂಸು. ಎಂಥ ಕತ್ತಲಲ್ಲೂ ಕಾಲಿಗೆ ತನ್ನ ಚಪ್ಪಲಿ ತಿಳಿಯುತ್ತದೆ. ಚಪ್ಪಲಿ ಇಲ್ಲದವರು ಸಂತೆಚೀಲ ಇಡುತ್ತಿದ್ದರು. ಮತ್ತೆ ಕೂಸು ಅದಲುಬದಲಾಗಲಿಲ್ಲ.

ಮನೆಮನೆಗೆ ಟಿ.ವಿ. ಬಂದ ಮೇಲೆ, ೧೯೯೯ರಲ್ಲಿ ಟಾಕೀಸು ಮುಚ್ಚಿತು. ಆರು ವರ್ಷ ಅದು ಅಡಿಕೆ ಮೂಟೆಗಳ ಗೋದಾಮಾಗಿತ್ತು. ೨೦೦೫ರಲ್ಲಿ ಗೌಡರ ಮೊಮ್ಮಗ ರಾಕೇಶ ಅದನ್ನು ಮೊದಲಿದ್ದ ಹಾಗೆಯೇ ಮಾಡುತ್ತೇನೆಂದು ಹೊರಟ. ಹೆಂಚು ಹೊಸದಾಗಿ ಹೊದಿಸಿದ. ಹಳೆಯ ಫೋಟೋ ನೋಡಿ ಮುಂಭಾಗದ ಗಾರೆ ಅಕ್ಷರಗಳಿಗೆ ಅದೇ ಬಣ್ಣ ಹಚ್ಚಿಸಿದ. ನಡುಗೋಡೆಯನ್ನು ಮಾತ್ರ ಒಡೆಸಿದ, ಹೆಂಗಸರ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ. ಎರಡೂ ಸರಿಯಾದ ಕೆಲಸವೇ. ಮೇಸ್ತ್ರಿ ಉಮಾಮಹೇಶ್ವರ ತೊಲೆಯಲ್ಲಿದ್ದ ಕೊಕ್ಕೆಗಳನ್ನು ನೋಡಿ, ಗೋದಾಮಿನ ಕಾಲದಲ್ಲಿ ತಕ್ಕಡಿ ತೂಗುಹಾಕಲು ಹೊಡೆದದ್ದಿರಬೇಕು ಎಂದುಕೊಂಡು ಆರನ್ನೂ ಕಿತ್ತ. ಅಡಿಕೆಯ ಊರಿನಲ್ಲಿ ಬೇರೆ ಯೋಚನೆ ಯಾರಿಗೂ ಬರಲಿಲ್ಲ.

ಸಣ್ಣಕ್ಕ ಕೆಲಸ ಕೇಳಲು ಹೋದಾಗ ಐವತ್ತೆಂಟು ವರ್ಷ. ಮಂಡಿನೋವಿನಿಂದ ಗದ್ದೆಯಲ್ಲಿ ಬಗ್ಗಲಾಗುತ್ತಿರಲಿಲ್ಲ. ಟಾಕೀಸಿನಲ್ಲಿ ಕೆಲಸ ಸಿಗದಿದ್ದರೆ ಎನ್.ಆರ್. ಪುರದಲ್ಲಿದ್ದ ಮಗಳ ಮನೆ ಸೇರಬೇಕು. ಅಳಿಯನ ಅನ್ನ ಅವಳಿಗೆ ಬೇಡವಾಗಿತ್ತು.

“ಈಗ ಒಂದೇ ಗೇಟು ಸಣ್ಣಕ್ಕ. ಹೆಂಗಸ್ರ ಬಾಗ್ಲೇ ಇಲ್ಲ. ನಿಂಗೆ ಎಂತ ಕೆಲ್ಸ ಕೊಡ್ಲಿ?” ಎಂದ ರಾಕೇಶ.

“ಬಾಗ್ಲಿಗೆ ಇಟ್ಗೆ ಕಟ್ಟಿದ್ರೆ ಕೂಸು ಹುಟ್ಟೋದು ನಿಲ್ತದಾ ಸಣ್ಣಗೌಡ್ರೇ?”

ಅವನು ನಕ್ಕ, ಕೆಲಸ ಕೊಡಲಿಲ್ಲ.

ಟಾಕೀಸು ತೆರೆದ ಮೊದಲ ಸಂತೆಯ ದಿನ ಸಣ್ಣಕ್ಕ ಟಿಕೆಟ್ ತೆಗೆದುಕೊಂಡು ಒಳಗೆ ಬಂದು, ಹಿಂದಿನ ತೊಲೆಯಲ್ಲಿ ಕೊಕ್ಕೆ ಇಲ್ಲದ್ದನ್ನು ನೋಡಿ, ಮೂರನೇ ಸಾಲಿನಲ್ಲಿ ಕುಳಿತಳು. ಆಟ ಶುರುವಾಗಿ ಕಾಲುಗಂಟೆಯೊಳಗೆ ಒಂದು ಕೂಸು ಅತ್ತಿತು. ಅದರ ಸದ್ದಿಗೆ ಇನ್ನೆರಡು ಎದ್ದವು. ಹಿಂದಿನಿಂದ ಶಿಳ್ಳೆ, ಬೈಗುಳ. ಕೆಲವರು ದುಡ್ಡು ವಾಪಸ್ ಕೊಡಿ ಎಂದು ಎದ್ದು ನಿಂತರು. ರಾಕೇಶ ಸಾಲಿನ ನಡುವೆ ಬಗ್ಗಿಕೊಂಡು ಬಂದ.

“ಸಣ್ಣಕ್ಕ, ಸ್ವಲ್ಪ ಎದ್ದು ಬಾ. ಆ ಕೂಸುಗಳನ್ನ ನೋಡ್ಕ.”

“ಟಿಕೆಟ್ ತಗಂಡು ಕೂತಿದೀನಿ. ಇವತ್ತು ಸಿನ್ಮಾ ನೋಡೋದು.”

“ಕೆಲ್ಸ ಕೊಡ್ತೀನಿ ಮಾರಾಯ್ತಿ, ಮೊದ್ಲಿನ ಹಾಗೇ. ಈಗ ಏಳು.”

“ನಾಳೆ ಬರ್ತೀನಿ. ನನ್ನ ಆರು ಕೊಕ್ಕೆ ಹೊಡ್ಸಿಡಿ. ಅದಿಲ್ದೆ ಜೋಲಿ ಎಲ್ಲಿ ಕಟ್ಲಿ, ನಿಮ್ಮ ಕುತ್ಗೆಗಾ?”

“ಗೌಡ್ರೇ, ಕೂತ್ಕಳಿ! ತೆರೆ ಕಾಣ್ತಿಲ್ಲ,” ಎಂದು ಹಿಂದಿನಿಂದ ಯಾರೋ ಕೂಗಿದರು.

ರಾಕೇಶ ಹೊರಗೆ ಹೋದ. ಕೂಸುಗಳು ಅಳುತ್ತಲೇ ಇದ್ದವು. ಸಣ್ಣಕ್ಕ ಎರಡು ಸಲ ಹಿಂದೆ ತಿರುಗಿ ನೋಡಿದಳು, ಆದರೆ ಏಳಲಿಲ್ಲ. ಸಿನಿಮಾ ಮುಗಿಯುವವರೆಗೂ ಕುಳಿತಳು.

ಮರುದಿನ ಬೆಳಿಗ್ಗೆ ಉಮಾಮಹೇಶ್ವರ ಗುಜರಿ ರಾಶಿ ಕೆದಕಿದಾಗ ನಾಲ್ಕು ಕೊಕ್ಕೆ ಸಿಕ್ಕವು. ಎರಡನ್ನು ಹೊಸದಾಗಿ ಮಾಡಿಸಿ, ಆರನ್ನೂ ತೊಲೆಗೆ ಹೊಡೆಸಿದರು. ಸಣ್ಣಕ್ಕ ಪ್ರತಿಯೊಂದಕ್ಕೂ ಹಗ್ಗ ಹಾಕಿಸಿ, ಮೇಸ್ತ್ರಿಯನ್ನೇ ಜೋತುಬೀಳಲು ಹೇಳಿದಳು. ಆರೂ ತಡೆದವು. ಆಮೇಲೆ ಕೆಲಸಕ್ಕೆ ಒಪ್ಪಿದಳು.