ಅಳಿವೆಯಲ್ಲಿ ನಿಂತ ಮಂಜಿ

ನಾನು ಸುಳ್ಳು ಹೇಳುವವನಲ್ಲ ಎಂದು ಶೃಂಗೇರಿಯಲ್ಲಿ ನನಗೊಂದು ಹೆಸರಿದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಬಡಿಸುವ ಮೊದಲೇ ನಾನೇ ಹೇಳಿಬಿಡುತ್ತೇನೆ, ಬೈಸಿಕೊಳ್ಳುತ್ತೇನೆ. ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ನಾಲ್ಕೈದು ವರ್ಷ ಮುಂಚೆ, ಅತ್ತಿಗೆಯ ತಲೆಗೂದಲು ಉಳಿಸುವುದಕ್ಕಾಗಿ ಅದನ್ನು ಹೇಳಿದೆ.

ನಮ್ಮದು ಅಡುಗೆಯವರ ಮನೆ. ಅಪ್ಪಯ್ಯ, ಅಣ್ಣ, ನಾನು ಮೂವರೂ ಕೊಪ್ಪ, ನರಸಿಂಹರಾಜಪುರದ ತನಕ ಮದುವೆ ಮುಂಜಿಗಳಿಗೆ ಹೋಗಿ ಬೇಯಿಸುತ್ತಿದ್ದೆವು. ಅಣ್ಣನ ಕೈರುಚಿ ನಮ್ಮಿಬ್ಬರದಕ್ಕಿಂತ ಮೇಲು; ಅದು ಅವನಿಗೂ ಗೊತ್ತಿತ್ತು, ಹಾಗಾಗಿ ಸ್ವಲ್ಪ ಜಂಬವೂ ಇತ್ತು. ಮುಂಬಯಿಯಲ್ಲಿ ಹೋಟೆಲು ಇಟ್ಟವರೊಬ್ಬರು ಕರೆದರೆಂದು ಹೊರಟೇಬಿಟ್ಟ. ಘಟ್ಟ ಇಳಿದು, ಹಂಗಾರಕಟ್ಟೆಯಲ್ಲಿ ಹೆಂಚು ಹೇರಿಕೊಂಡ ಒಂದು ಮಂಜಿಯನ್ನು ಹತ್ತಿದ. ಮಂಜಿ ಎಂದರೆ ಹಾಯಿಯ ದೊಡ್ಡ ಹಡಗು. ಮಳೆಗಾಲಕ್ಕೆ ಮುಂಚೆ ಹೊರಡುವ ಕೊನೆಯದು ಅದು. ಕಡಲಿಗಿಳಿದ ಎರಡನೇ ದಿನವೇ ಗಾಳಿ ಎದ್ದು, ಮಂಜಿ ಬಡಗಣ ಊರೊಂದರ ಅಳಿವೆಯಲ್ಲಿ, ಹೊಳೆ ಕಡಲು ಸೇರುವ ಬಾಯಲ್ಲಿ, ಮರಳಿಗೆ ಹೊಡೆದು ಮುರಿಯಿತು. ಏಳು ಜನರಲ್ಲಿ ಆರು ಹೆಣ ದಡಕ್ಕೆ ಬಂದವು. ಅಣ್ಣನದು ಬರಲಿಲ್ಲ. ಸುದ್ದಿ ನಮಗೆ ಮುಟ್ಟುವಾಗ ಮಳೆ ಹಿಡಿದು ಘಟ್ಟದ ದಾರಿ ಮುಚ್ಚಿತ್ತು.

ಅತ್ತಿಗೆಗೆ ಆಗ ಹತ್ತೊಂಬತ್ತು. ಮಕ್ಕಳಿರಲಿಲ್ಲ. ಗಂಡ ಸತ್ತದ್ದು ಖಾತ್ರಿಯಾದರೆ ಹತ್ತನೇ ದಿನ ಬಳೆ ಒಡೆದು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸುವುದು ನಮ್ಮವರ ಪದ್ಧತಿ. ಖಾತ್ರಿಯಾಗದಿದ್ದರೆ ಹನ್ನೆರಡು ವರ್ಷ ಕಾಯಬೇಕು. ಆಮೇಲೆ ಮುತ್ತುಗದ ಎಲೆಯಲ್ಲಿ ಅವನ ಆಕೃತಿ ಮಾಡಿ ಸುಡುತ್ತಾರೆ. ಅಲ್ಲಿಯವರೆಗೆ ಅವಳು ಮುತ್ತೈದೆಯೇ. ನಮ್ಮ ಸೋದರತ್ತೆಯನ್ನು ಹಿತ್ತಲಲ್ಲಿ ಇಬ್ಬರು ಹೆಂಗಸರು ಹಿಡಿದು ಕೂರಿಸಿ ಬೋಳಿಸಿದ್ದನ್ನು ನಾನು ಸಣ್ಣವನಿದ್ದಾಗ ಕಂಡಿದ್ದೆ. ಅವಳು ಅಳಲಿಲ್ಲ, ಬಾಯಿ ತೆರೆದುಕೊಂಡೇ ಇದ್ದಳು. ಆ ಬಾಯಿ ನೆನಪಾದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಮಳೆ ಬಿಟ್ಟ ಮೇಲೆ ಅಪ್ಪಯ್ಯ ನನ್ನನ್ನು ಕಳಿಸಿದರು. "ಎಂತಾದ್ರೂ ಗುರ್ತು ಸಿಕ್ರೆ ತಗಂಡು ಬಾ. ಸಿಗದಿದ್ರೆ ಇಲ್ಲ ಅನ್ನು. ನಡುವೆ ನಿನ್ನ ಬುದ್ಧಿ ಓಡಿಸ್ಬೇಡ" ಎಂದರು. ಅವರಿಗೆ ನನ್ನ ಗುಣ ಗೊತ್ತಿತ್ತು. ಅತ್ತಿಗೆ ಬುತ್ತಿ ಕಟ್ಟಿಕೊಟ್ಟರು.

ಕೆರೆಕಟ್ಟೆ ಎಂಬ ಊರಿನ ಮೇಲಾಗಿ ನಡೆದು ಘಟ್ಟ ಇಳಿದೆ. ಆ ಅಳಿವೆ ಮುಟ್ಟುವಾಗ ಐದನೆಯ ದಿನದ ಮಧ್ಯಾಹ್ನ. ದೋಣಿಯವನೊಬ್ಬ ಹೊಳೆ ದಾಟಿಸಿ ಮರಳದಿಬ್ಬದ ಮೇಲೆ ಇಳಿಸಿದ. ಅಲ್ಲಿ ಮನೆಯಿಲ್ಲ, ತೆಂಗಿನಮರವಿಲ್ಲ, ಒಂದು ಕಾಗೆಯೂ ಇಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮಂಜಿ ಅರ್ಧ ಮರಳಿನಲ್ಲಿ ಹುಗಿದು, ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಹಾಯಿ, ಹಗ್ಗ, ಕಬ್ಬಿಣ ಎಲ್ಲ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಹೆಂಚು ಮಾತ್ರ ಒಂದೂ ಹೋಗಿರಲಿಲ್ಲ. ಹೊಸ ಹೆಂಚು, ಸಾವಿರಗಟ್ಟಲೆ, ಹೇಳುವವರು ಕೇಳುವವರು ಇಲ್ಲದೆ ಬಿದ್ದಿತ್ತು. ಬಡವರ ಊರಿನಲ್ಲಿ ಹಾಗೆ ಯಾಕೆ ಬಿಟ್ಟಿದ್ದಾರೆಂದು ದೋಣಿಯವನನ್ನು ಕೇಳಿದೆ. ಯಾರೋ ಒಬ್ಬ ನಾಲ್ಕು ಹೆಂಚು ಒಯ್ದು ತನ್ನ ಮನೆಯ ಮಾಡಿಗೆ ಹಾಕಿದ್ದನಂತೆ, ಎಂಟು ದಿನದಲ್ಲಿ ತಾನೇ ಹೊತ್ತು ತಂದು ಇಲ್ಲಿಟ್ಟನಂತೆ. ಯಾಕೆಂದು ದೋಣಿಯವ ಹೇಳಲಿಲ್ಲ.

"ಹ್ವಾಯ್ ಭಟ್ರೆ, ಒಳ್ಗ್ ಹೋಪ್ದ್ ಬ್ಯಾಡ" ಎಂದಷ್ಟೇ ಹೇಳಿ ದೋಣಿಗೆ ವಾಪಸು ಹೋಗಿ ನನಗೆ ಬೆನ್ನು ಹಾಕಿ ಕೂತ.

ಪಕ್ಕದ ಹಲಗೆ ಕಿತ್ತುಹೋದ ಕಡೆಯಿಂದ ನಾನು ಒಳಗೆ ನುಗ್ಗಿದೆ. ಒಳಗೆ ತಂಪು. ಹೊರಗೆ ಅಲೆಗಳ ಸದ್ದು ಅಷ್ಟಿತ್ತು, ಒಳಗೆ ಕಾಲಿಟ್ಟ ಕೂಡಲೇ ನಿಂತಿತು. ಎಲ್ಲೋ ಆಳದಲ್ಲಿ ನೀರು ಏರಿ ಇಳಿದಾಗ ಹೆಂಚುಗಳು ಒಂದಕ್ಕೊಂದು ತಾಗಿ ಟಣ್ ಎನ್ನುತ್ತಿದ್ದವು. ಊಟವಾದ ಮೇಲೆ ಒಳಮನೆಯಲ್ಲಿ ಯಾರೋ ನಿಧಾನವಾಗಿ ಪಾತ್ರೆ ಜೋಡಿಸಿಡುವ ಸದ್ದಿನಂತೆ ಇತ್ತು. ಆಗ ನಾನೊಂದು ದಡ್ಡ ಕೆಲಸ ಮಾಡಿದೆ. ನಮ್ಮ ಕಡೆ ಕಾಡಿನಲ್ಲಿ ದಾರಿ ತಪ್ಪಿದವರು ಕೂ ಹಾಕುತ್ತಾರೆ, ಕೇಳಿದವರು ತಿರುಗಿ ಕೂ ಹಾಕುತ್ತಾರೆ. ಹೆದರಿಕೆಗೋ ಅಭ್ಯಾಸಕ್ಕೋ, ಕಡಲ ಬದಿಯ ಆ ಹಡಗಿನೊಳಗೆ ನಿಂತು ನಾನು ಗಟ್ಟಿಯಾಗಿ ಕೂ ಹಾಕಿಬಿಟ್ಟೆ.

ಹಿಂದುಗಡೆಯ ಕತ್ತಲಿನಿಂದ ಒಂದು ಕೂ ಬಂತು.

ಒಂದೇ. ಮನುಷ್ಯನಾದರೆ ಎರಡು ಸಲ ಹಾಕುತ್ತಾನೆ, ಒಂದೇ ಕೂಗಿಗೆ ಓಗೊಡಬಾರದು, ಆ ಕಡೆ ಹೆಜ್ಜೆಯನ್ನಂತೂ ಇಡಲೇಬಾರದು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು ಇದನ್ನೇ. ಆದರೂ ನನ್ನ ಕಾಲು ಆ ಕಡೆಗೇ ಹೋಯಿತು. ಅಣ್ಣನ ದನಿ ಎಂದು ಆಣೆ ಮಾಡಿ ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಅಲ್ಲಿ ಹೆಂಚಿನ ಸಾಲು ಕುಸಿದು ಗುಡ್ಡೆಯಾಗಿತ್ತು. ಏಳೆಂಟು ಹೆಂಚು ಎತ್ತಿದೆ. ಕೆಳಗೆ ಎದೆಯ ಮೂಳೆಗಳು, ಅದರ ನಡುವೆ ಕಪ್ಪಾಗಿ ಅಂಟಿಕೊಂಡ ಜನಿವಾರ, ಅದಕ್ಕೆ ಕಟ್ಟಿದ ಹಿತ್ತಾಳೆಯ ಸಣ್ಣ ಕೀಲಿಕೈ. ಪೆಟ್ಟಿಗೆಯ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುವವರು ನಮ್ಮಲ್ಲಿ ಬಹಳ. ಆದರೆ ಇದರ ಹಲ್ಲನ್ನು ಅಣ್ಣನೇ ಅರದಿಂದ ಉಜ್ಜಿದ್ದ, ಉಜ್ಜುವಾಗ ಹಿಡಿದುಕೊಂಡಿದ್ದವನು ನಾನು.

ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತೆನೋ ತಿಳಿಯದು. ಇದನ್ನು ಒಯ್ದರೆ ಅಣ್ಣನಿಗೆ ಬೆಂಕಿ ಸಿಗುತ್ತದೆ, ಅತ್ತಿಗೆಯ ಕೂದಲು ಹೋಗುತ್ತದೆ. ಒಯ್ಯದಿದ್ದರೆ ಅವರಿಗೆ ಹನ್ನೆರಡು ವರ್ಷ ಸಿಗುತ್ತದೆ, ಅಣ್ಣ ಇಲ್ಲೇ ಇರುತ್ತಾನೆ. ಎತ್ತಿದ ಹೆಂಚನ್ನೆಲ್ಲ ಮತ್ತೆ ಅವನ ಮೇಲೆ ಮುಚ್ಚಿದೆ. ಹೊರಗೆ ಬಂದು ಕೀಲಿಕೈಯನ್ನು ಕಡಲಿಗೆ ಎಸೆದು, ಉಟ್ಟ ಬಟ್ಟೆಯಲ್ಲೇ ಮುಳುಗು ಹಾಕಿದೆ. ದೋಣಿಯವ ನನ್ನ ಒದ್ದೆ ಬಟ್ಟೆ ನೋಡಿದ, ಕೇಳಲಿಲ್ಲ. ನೀನು ಕೂಗಿದೆಯಾ ಎಂದು ನಾನೇ ಕೇಳಿದೆ. ತಾನು ತುಟಿ ಪಿಟಕ್ಕೆನ್ನಲಿಲ್ಲ, ನನ್ನ ಕೂಗು ಮಾತ್ರ ಕೇಳಿತು ಎಂದ.

ಮನೆಗೆ ಬಂದು, ಏನೂ ಸಿಗಲಿಲ್ಲ ಎಂದೆ. ಅಪ್ಪಯ್ಯ ನನ್ನ ಮುಖವನ್ನೇ ನೋಡಿ, ಆಯ್ತು ಎಂದು ಎದ್ದುಹೋದರು. ಆದರೆ ಅಣ್ಣ ಸತ್ತದ್ದು ತಿಳಿದ ಮೇಲೆ ಸೂತಕವಿಲ್ಲದೆ ದೇವರನ್ನು ಮುಟ್ಟುವುದು ಹೇಗೆ, ಊರವರಿಗೆ ಬೇಯಿಸಿ ಬಡಿಸುವುದು ಹೇಗೆ? ನರಸಿಂಹರಾಜಪುರದಲ್ಲಿ ಒಪ್ಪಿಕೊಂಡ ಮದುವೆಯೊಂದಿತ್ತು. ಜ್ವರ ಎಂದು ಹೇಳಿ ಹತ್ತು ದಿನ ಜಗಲಿಯಲ್ಲೇ ಚಾಪೆ ಹಾಸಿ ಮಲಗಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಬುದ್ಧಿ ನನ್ನದು.

ಹನ್ನೆರಡು ವರ್ಷ ಹೇಗೋ ಕಳೆಯಿತು. ಯುದ್ಧ ಬಂತು, ಅಕ್ಕಿಗೆ ರೇಷನ್ ಬಂತು, ಅಪ್ಪಯ್ಯ ಹೋದರು. ಅವಧಿ ಮುಗಿದ ವರ್ಷ ಪುರೋಹಿತರು ದಿನ ಗೊತ್ತು ಮಾಡಿದರು. ಕಾಲವೂ ಬದಲಾಗಿತ್ತು, ಮನೆಗೆ ಹಿರಿಯ ನಾನೇ. ತಲೆ ಬೋಳಿಸುವ ಮಾತು ಎತ್ತಿದರೆ ಬೇರೆ ಪುರೋಹಿತರನ್ನು ಕರೆಸುತ್ತೇನೆ ಎಂದೆ, ಅವರು ಎತ್ತಲಿಲ್ಲ. ಗೆದ್ದೆ ಅನ್ನಿಸಿತು. ಆಕೃತಿ ಸುಡುವ ಹಿಂದಿನ ದಿನ ಮಧ್ಯಾಹ್ನ ಅತ್ತಿಗೆ ಮುತ್ತುಗದ ಎಲೆ ಒರೆಸಿಡುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ.

"ನಂಗೆ ಗೊತ್ತಿತ್ತು ಮಾರಾಯ" ಎಂದರು ಅತ್ತಿಗೆ. "ಹತ್ತು ದಿನ ದೇವರ ಕೋಣೆಗೆ ಹೋಗ್ಲಿಲ್ಲ ನೀನು. ಜ್ವರ ಅಂದಿ, ಕಾಫಿ ಕೊಡುವಾಗ ಕೈ ತಾಗಿತ್ತು, ತಣ್ಣಗಿತ್ತು. ಹತ್ತೊಂಬತ್ತು ವರ್ಷ ನಂಗೆ ಆಗ. ಹೆದ್ರಿಕೆ ಆಯ್ತು, ಸುಮ್ನಾದೆ." ಇನ್ನೊಂದು ಎಲೆ ಒರೆಸಿದರು. "ನನ್ನ ಕೂದ್ಲಿಗಾಗಿ ಅವರನ್ನ ಅಲ್ಲೇ ಬಿಟ್ವು, ನಾವಿಬ್ರೂ."

ಹನ್ನೆರಡು ವರ್ಷ ಅವರನ್ನು ನಾನು ಕಾಪಾಡಿದೆ ಎಂದುಕೊಂಡಿದ್ದೆ. ಅಷ್ಟೂ ವರ್ಷ ಅವರು ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗಲೆಲ್ಲ ಆ ಸುಳ್ಳನ್ನು ತಾವೂ ಒಮ್ಮೆ ಹೇಳುತ್ತಿದ್ದರು.

ಅತ್ತಿಗೆ ಮತ್ತೊಂದು ಎಲೆ ಕೈಗೆತ್ತಿಕೊಂಡು ಕೇಳಿದರು, "ಅವರ ಮುಖ ಯಾವ ಕಡೆಗಿತ್ತು?"

ನೆನಪು ಮಾಡಿಕೊಂಡೆ. ಹೆಂಚು ನೆನಪಿಗೆ ಬಂತು, ದಾರ ಬಂತು, ಕೀಲಿಕೈಯ ಹಲ್ಲೂ ಬಂತು. ಗುರುತು ಸಿಕ್ಕಿದ ಮೇಲೆ ನಾನು ಮುಖದ ಮೇಲಿದ್ದ ಹೆಂಚು ಎತ್ತಿರಲಿಲ್ಲ.

"ನೋಡ್ಲಿಲ್ಲ ಅತ್ತಿಗೆ."

ಅತ್ತಿಗೆ ಎಲೆ ಕೆಳಗಿಟ್ಟರು. "ಅವರು ನಿನ್ನ ನೋಡಿರ್ತಾರೆ" ಎಂದರು.