ತುಳಜಾಬಾಯಿಗೆ ಸಿಕ್ಕ ವೃಕ್ಷಮಿತ್ರ ಪುರಸ್ಕಾರ

ಹನ್ನೂರಿನಿಂದ ಅಕ್ಕಲಕೋಟಕ್ಕೆ ಹೋಗುವಾಗ, ಬೀರೋಬನ ಗುಡಿ ದಾಟಿದ ಮೇಲೆ ಒಂದು ಕಾಲಕ್ಕೆ ಬೇವಿನ ಮರಗಳ ಸಾಲೊಂದಿತ್ತು. ನೆಟ್ಟವಳು ತುಳಜಾಬಾಯಿ. ಮದುವೆಯಾಗಿ ಬಂದ ಹೊಸದರಲ್ಲಿ, ಕುರಿಗಳನ್ನು ಮಧ್ಯಾಹ್ನ ನಿಲ್ಲಿಸಲು ಎಲ್ಲಿಯೂ ನೆರಳಿಲ್ಲವೆಂದು ಶುರುಮಾಡಿದ ಕೆಲಸ ಅದು. ಬಾವಿಯಿಂದ ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ ನೀರು ಹೊತ್ತು ತರುವಳು. ಗಂಡ ಗೊಲ್ಲಾಳಪ್ಪ ಸಸಿಗಳ ಸುತ್ತ ಜಾಲಿಮುಳ್ಳು ಕಟ್ಟುವನು. ಆದರೂ ಅವಳ ಕುರಿಗಳೇ ಚಿಗುರಿಗೆ ಬಾಯಿ ಹಾಕುತ್ತಿದ್ದವು, ಅವಳ ಕೈಯಿಂದಲೇ ಏಟು ತಿನ್ನುತ್ತಿದ್ದವು. ಮಗ ಗುರುಸಿದ್ಧ ದೊಡ್ಡವನಾಗುವ ಹೊತ್ತಿಗೆ ಬಸ್ಸು ಕಾಯುವವರೆಲ್ಲ ಅಲ್ಲಿಯೇ ನಿಲ್ಲತೊಡಗಿದ್ದರು.

ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಮರ ಕಡಿಯುವವರೂ ಬಂದರು. ತುಳಜಾಬಾಯಿ ಕುರಿಗಳನ್ನು ಹೊಡೆದುಕೊಂಡು ಹೋಗಿ ಮರಗಳ ಬುಡದಲ್ಲಿ ಕುಳಿತಳು. ಇನ್ನೊಂದು ಬದಿ ಬರೀ ಬಯಲಿದೆ, ರಸ್ತೆಯನ್ನು ಆ ಕಡೆ ಸರಿಸಿಕೊಳ್ಳಿ ಎಂಬುದಷ್ಟೇ ಅವಳ ಮಾತು. ನೆರೆಮನೆಯ ಸುಗಲಾಬಾಯಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಅವಳ ಪಕ್ಕ ಕುಳಿತಳು. ಅವಳನ್ನು ನೋಡಿ ಓಣಿಯ ಹೆಂಗಸರೆಲ್ಲ ಬಂದರು. ಕಡಿಯುವವರು ಹಿಂದಿರುಗಿದರು. ಮುಂದಿನ ಸಲ ಪೊಲೀಸರ ಜೊತೆಗೆ ಬಂದರು. ಅವತ್ತೂ ಹೆಂಗಸರು ಏಳಲಿಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ಎತ್ತಿಕೊಂಡು ಹೋಗುತ್ತೇವೆ ಎಂದು ಹೇಳಿ ಪೊಲೀಸರು ಹೋದರು.

ಅದಾದ ಸ್ವಲ್ಪ ದಿನಕ್ಕೆ ಸೋಲಾಪುರದ ಒಂದು ಸಂಸ್ಥೆಯ ಶೈಲೇಶ ಎಂಬವನು ಮನೆಗೆ ಬಂದ. ಪರಿಸರ ದಿನದಂದು ತಮ್ಮ ಸಂಸ್ಥೆ ‘ವೃಕ್ಷಮಿತ್ರ ಪುರಸ್ಕಾರ’ ಕೊಡುತ್ತದೆ, ಈ ವರ್ಷ ತುಳಜಾಬಾಯಿಯನ್ನು ಆರಿಸಿದ್ದಾರೆ ಎಂದ. ಅವಳಿಗೆ ಮನಸ್ಸಿರಲಿಲ್ಲ. ಒತ್ತಾಯ ಮಾಡಿದವನು ಗುರುಸಿದ್ಧ. ದೊಡ್ಡ ದೊಡ್ಡ ಸಾಹೇಬರು ಬಂದಿರುತ್ತಾರೆ, ಮರಗಳ ಮಾತನ್ನು ಅವರ ಮುಂದೆಯೇ ಆಡಬಹುದು ಎಂದ. ಆ ಮಾತಿಗೆ ಅವಳು ಒಪ್ಪಿದಳು. ಆ ದಿನ ಬೆಳಿಗ್ಗೆ ಕಾರು ಬಂತು. ಕುರಿಗಳ ಜೊತೆ ಗೊಲ್ಲಾಳಪ್ಪ ಉಳಿದ. ತಾಯಿ ಮಗ ಹೋದರು.

ಸಭಾಗೃಹದಲ್ಲಿ ಎಲ್ಲವೂ ಮರಾಠಿಯಲ್ಲಿ ನಡೆಯಿತು. ಸಂತೆಯ ಮರಾಠಿ ಬಲ್ಲ ತುಳಜಾಬಾಯಿಗೆ ಆ ಭಾಷಣಗಳು ಪೂರ್ತಿ ತಿಳಿಯಲಿಲ್ಲ. ಅವಳಿಗೆ ಹಾರ ಹಾಕಿ ಶಾಲು ಹೊದಿಸಿದವನು ಬಿಳಿ ಅಂಗಿಯ ಒಬ್ಬ ದಪ್ಪ ಮನುಷ್ಯ. ಫೋಟೋದವರು ಇಬ್ಬರನ್ನೂ ನಿಲ್ಲಿಸಿಕೊಂಡು ಬಹಳ ಹೊತ್ತು ಫೋಟೋ ತೆಗೆದರು. ಎರಡು ಮಾತು ಆಡಿ ಎಂದಾಗ ಅವಳು ಮೈಕಿನ ಮುಂದೆ ಕನ್ನಡದಲ್ಲಿಯೇ ಹೇಳಿದಳು: “ನನ್ನ ಗಿಡ ಇನ್ನಾ ನಿಂತಾವ್ರಿ. ಅವನ್ನ ಕಡೀಬ್ಯಾಡಂತ ಒಂದು ಮಾತು ಹೇಳ್ರಿ. ಈ ಶಾಲು ನನಗ ಬ್ಯಾಡ.”

ಆಯಿ ಎಲ್ಲರಿಗೂ ಆಭಾರ ಹೇಳುತ್ತಿದ್ದಾರೆ, ಮನೆಗೊಂದು ಗಿಡ ಹಚ್ಚಿರಿ ಎನ್ನುತ್ತಿದ್ದಾರೆ ಎಂದು ನಿರೂಪಕಿ ಮರಾಠಿಯಲ್ಲಿ ಸಾರಿದಳು. ಸೋಲಾಪುರದ ಸಭೆ, ಅರ್ಧ ಜನಕ್ಕೆ ಕನ್ನಡ ಗೊತ್ತಿತ್ತು. ಅವರೂ ಚಪ್ಪಾಳೆ ಹೊಡೆದರು.

ಊಟ ಮುಗಿಸಿ ಹಿಂದಿರುಗಿದಾಗ ಬಿಸಿಲು ಇನ್ನೂ ಇತ್ತು. ಗುಡಿ ದಾಟಿದ ಕೂಡಲೇ ತುಳಜಾಬಾಯಿ ಕಾರು ನಿಲ್ಲಿಸಲು ಹೇಳಿದಳು. ಸಾಲಿನಲ್ಲಿ ಒಂದು ಮರವೂ ಇರಲಿಲ್ಲ. ದಿಮ್ಮಿಗಳನ್ನು ಆಗಲೇ ಸಾಗಿಸಿದ್ದರು. ಹಸಿ ಸೊಪ್ಪನ್ನು ಕುರಿಗಳು ಮೇಯುತ್ತಿದ್ದವು; ಗೊಲ್ಲಾಳಪ್ಪ ಅವುಗಳ ನಡುವೆ ನಿಂತಿದ್ದ. ನೀನು ರಾಜಿಯಾಗಿದ್ದೀ, ಅದಕ್ಕೇ ರಸ್ತೆಯ ಗುತ್ತಿಗೆದಾರನ ಕೈಯಿಂದ ಸತ್ಕಾರ ಮಾಡಿಸಿಕೊಳ್ಳಲು ಸೋಲಾಪುರಕ್ಕೆ ಹೋಗಿದ್ದೀ ಎಂದು ಕಡಿಯುವವರು ಹೇಳಿದರು, ಎಂದ. ಸುಗಲಾಬಾಯಿ ಮತ್ತು ಉಳಿದ ಹೆಂಗಸರು ಬಂದಿದ್ದರಂತೆ. ಆ ಮಾತು ಕೇಳಿ ತಿರುಗಿ ಹೋದರಂತೆ.

ಬಿಳಿ ಅಂಗಿಯವನು ಯಾರೆಂದು ಅವಳಿಗೆ ಆಗ ತಿಳಿಯಿತು. ಮಗನ ಕಡೆಗೆ ತಿರುಗಿದಳು.

“ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತವ್ವಾ. ಗಿಡ ಹ್ಯಾಂಗೂ ಹೋಗೂವು. ನೀ ಇಲ್ಲಿದ್ದಿದ್ರ ಪೊಲೀಸರು ನಿನ್ನ ಎಳಕೊಂಡು ಹೋಗತಿದ್ರು. ಅದನ್ನ ನಾ ಹ್ಯಾಂಗ ನೋಡ್ಲಿ?”

“ಎಳಕೊಂಡು ಹೋಗಿದ್ರ ಹೋಗತಿದ್ದೆ. ಹಾರ ಹಾಕಿಸ್ಕೊಂಡು ಕುಂತೆನಲ್ಲೋ,” ಎಂದಳು.

ಗುತ್ತಿಗೆದಾರನು ಗುರುಸಿದ್ಧನಿಗೆ ಟಿಪ್ಪರ್ ಓಡಿಸುವ ಕೆಲಸ ಕೊಡುತ್ತೇನೆ ಎಂದಿದ್ದ ಸಂಗತಿಯೂ ಆ ವಾರ ಹೊರಬಂತು. ತಾಯಿಯನ್ನು ಉಳಿಸುವ ಆಸೆ ಎಷ್ಟು, ಟಿಪ್ಪರಿನ ಆಸೆ ಎಷ್ಟು ಎಂದು ಅವನಿಗೂ ಹೇಳಲು ಬರುತ್ತಿರಲಿಲ್ಲವೇನೋ. ಕೆಲಸಕ್ಕೆ ಹೋದ, ಮಳೆಗಾಲ ಮುಗಿಯುವ ಮೊದಲೇ ಬಿಟ್ಟ. ಬಿಟ್ಟದ್ದನ್ನು ಊರವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮರಾಠಿ ಪೇಪರಿನಲ್ಲಿ ಬಂದ ಫೋಟೋ ಎಲ್ಲರ ಮೊಬೈಲಿನಲ್ಲಿಯೂ ಇತ್ತು: ಗುತ್ತಿಗೆದಾರ ನಗುತ್ತಿದ್ದಾನೆ, ತುಳಜಾಬಾಯಿ ಹಾರ ಹಾಕಿಕೊಂಡಿದ್ದಾಳೆ. ನೀರಿಗೆ ಹೋದಾಗ ಸುಗಲಾಬಾಯಿ ಮುಖ ನೋಡದೆ ಕೇಳಿದಳು, “ಏನ ಕೊಟ್ರು ನಿನಗ?” ಏನೂ ಇಲ್ಲ ಎಂದರೆ ನಂಬಲಿಲ್ಲ. ಎಲ್ಲರಿಗಿಂತ ಮೊದಲು ಬಂದು ತನ್ನ ಪಕ್ಕ ಕುಳಿತವಳು ಅವಳು. ಬೇರೆಯವರ ಮಾತಿಗಿಂತ ಅವಳ ಮಾತು ತುಳಜಾಬಾಯಿಗೆ ಹೆಚ್ಚು ನಾಟಿತು.

ಶಾಲನ್ನೂ ಗಾಜಿನ ಫಲಕವನ್ನೂ ಚೀಲದಲ್ಲಿ ಹಾಕಿಕೊಂಡು ಅವಳು ಒಬ್ಬಳೇ ಬಸ್ಸಿನಲ್ಲಿ ಸೋಲಾಪುರಕ್ಕೆ ಹೋದಳು. ಪುರಸ್ಕಾರ ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದು ಸಂಸ್ಥೆಯವರು ಚಹ ಕೊಟ್ಟರು. ಚಹ ಮುಟ್ಟದೆ, ಚೀಲವನ್ನು ಅವರ ಬಾಗಿಲಲ್ಲಿಯೇ ಇಟ್ಟು ಬಂದಳು. ಮರುವಾರ ಶೈಲೇಶ ಮೋಟರಸೈಕಲ್ ಮೇಲೆ ಬಂದು, ಆಯಿ ಮರೆತು ಬಂದಿದ್ದರು ಎಂದು ಗೊಲ್ಲಾಳಪ್ಪನ ಕೈಗೆ ಕೊಟ್ಟುಹೋದ. ಓಣಿಯವರೆಲ್ಲ ನೋಡಿದರು.

ಮುಂದಿನ ವರ್ಷ ರಸ್ತೆ ಮುಗಿಯಿತು. ಬದಿಯಲ್ಲಿ ಕಬ್ಬಿಣದ ಜಾಳಿಗೆಯೊಳಗೆ ಸಸಿ ನೆಟ್ಟರು. ನೀರು ಹಾಕುವವರಿಲ್ಲದೆ ಒಣಗಿದವು. ಆ ಸಸಿಗಳಿಗಾಗಿ ಗುತ್ತಿಗೆದಾರನಿಗೆ ಅದೇ ಪುರಸ್ಕಾರ ಬಂತು. ಕಾರ್ಯಕ್ರಮದ ಬ್ಯಾನರಿನಲ್ಲಿ ತುಳಜಾಬಾಯಿಯ ಫೋಟೋವನ್ನೂ ಹಾಕಿದ್ದರು, ಅವಳನ್ನು ಕೇಳಿರಲಿಲ್ಲ.

ತುಳಜಾಬಾಯಿ ರಾಜಿಯಾಗಿದ್ದಳು ಎಂದೇ ಹನ್ನೂರಿನಲ್ಲಿ ಈಗಲೂ ಹೇಳುತ್ತಾರೆ. ಅಲ್ಲ ಎಂದು ಹೇಳುವುದನ್ನು ಅವಳು ಬಿಟ್ಟುಬಿಟ್ಟಿದ್ದಾಳೆ.